ಸುಂಕದ ಕಟ್ಟೆಯೂ ಅರವಟ್ಟಿಗೆಯೂ : ಅಂತರಜಾಲದ ಹಾದಿಯಲ್ಲಿ ಸರ್ಕಾರದ ಕಟ್ಟುಪಾಡು

ನಾಡನ್ನು ಕಟ್ಟುವವರು ಮೊದಲು ದಾರಿಯನ್ನು ಕಟ್ಟುತ್ತಾರೆ. ಯಲಹಂಕದ ನಾಡಪ್ರಭುಗಳ ವಂಶದಲ್ಲಿ ಜನಿಸಿದ ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆಪೇಟೆಗಳಿಗೆ ಅಸ್ತಿಭಾರವನ್ನಿಕ್ಕಿದಾಗ, ನಾಲ್ಕು ದಿಕ್ಕುಗಳಿಗೆ ನೇಗಿಲ ಗೆರೆಗಳನ್ನು ಎಳೆಯಿಸಿ ಬೀದಿಗಳನ್ನು ಗುರುತಿಸಿದರೆಂಬ ಐತಿಹ್ಯ ಇಂದಿಗೂ ಜನಜನಿತವಾಗಿದೆ. ದಾರಿಯುಂಟಾದ ಮೇಲೆ ಅದರ ಬದಿಯಲ್ಲಿ ಎರಡು ಬಗೆಯ ಕಟ್ಟಡಗಳು ಏಳುವುದು ಲೋಕರೂಢಿ. ಒಂದು ಸುಂಕದ ಕಟ್ಟೆ, ಇನ್ನೊಂದು ಅರವಟ್ಟಿಗೆ. ಮೊದಲನೆಯದು ದಾರಿಹೋಕನನ್ನು ತಡೆದು ಕೇಳುತ್ತದೆ. ಎರಡನೆಯದು ಕರೆದು ಕೊಡುತ್ತದೆ. ನಮ್ಮ ನಾಡಿನ ಶಾಸನಗಳಲ್ಲಿ ಸುಂಕದ ಲೆಕ್ಕವೂ ಉಂಟು, ಅರವಟ್ಟಿಗೆಗೆ ಬಿಟ್ಟ ದತ್ತಿಯ ವಿವರವೂ ಉಂಟು. ಆದುದರಿಂದ ಒಂದು ಆಳ್ವಿಕೆಯ ಗುಣವನ್ನು ಅಳೆಯಬೇಕಾದರೆ, ಅದು ದಾರಿಯ ಬದಿಯಲ್ಲಿ ಈ ಎರಡರೊಳಗೆ ಯಾವುದನ್ನು ಹೆಚ್ಚಾಗಿ ಕಟ್ಟಿತು, ಸುಂಕದ ಹಣವನ್ನು ಯಾತಕ್ಕೆ ವಿನಿಯೋಗಿಸಿತು ಎಂಬುದನ್ನು ನೋಡಿದರೆ ಸಾಕು.

ಮಣ್ಣಿನ ದಾರಿಗೆ ಸಲ್ಲುವ ಈ ಮಾತು ಅಕ್ಷರವನ್ನೂ ಧ್ವನಿಯನ್ನೂ ಚಿತ್ರವನ್ನೂ ಕ್ಷಣಾರ್ಧದಲ್ಲಿ ಸಾಗಿಸುವ ಅಂತರಜಾಲದ ದಾರಿಗೂ ಸಲ್ಲುತ್ತದೆ. ಯಲಹಂಕದ ಮಗ್ಗುಲಿನ ಕೋಗಿಲು ಒಂದು ಕಾಲಕ್ಕೆ ಹೊಲತೋಟಗಳ ನಡುವಣ ಗ್ರಾಮ. ಇಂದು ಬಳ್ಳಾರಿ ರಸ್ತೆಯಿಂದ ಕೋಗಿಲು ಕ್ರಾಸಿನಲ್ಲಿ ತಿರುಗಿದವರಿಗೆ ಕಾಣುವುದು ಬಡಾವಣೆಗಳ ಸಾಲು. ಕಂಬದಿಂದ ಕಂಬಕ್ಕೆ ತೂಗುವ ಕಪ್ಪು ಕೇಬಲ್ಲುಗಳು ನಗರದ ಅಂಚಿನ ಇಂತಹ ಬೀದಿಗಳಲ್ಲೆಲ್ಲ ಸಾಮಾನ್ಯ ನೋಟ. ಆ ಎಳೆ ಮನೆಯೊಳಕ್ಕೆ ಬಂದರೆ ಮಗುವಿನ ಪಾಠ, ರೈತನ ಪಹಣಿ, ವೃದ್ಧರ ಪಿಂಚಣಿಯ ಕಾಗದ, ಪರದೇಶದಲ್ಲಿರುವ ಮಗನ ಮುಖ ಎಲ್ಲವೂ ಮನೆಬಾಗಿಲಿಗೆ ಬರುತ್ತವೆ. ಬಾರದಿದ್ದರೆ ಅವುಗಳಿಗಾಗಿ ಅಲೆಯಬೇಕು. ಆ ಎಳೆಯನ್ನು ಎಳೆಯುವ ಹಕ್ಕು ಯಾರದು, ಅದಕ್ಕೆ ಬೆಲೆ ಕಟ್ಟುವವರು ಯಾರು, ಅದನ್ನು ಕಡಿಯುವ ಅಧಿಕಾರ ಯಾರಿಗೆ ಎಂಬ ಪ್ರಶ್ನೆಗಳ ಹಿಂದೆ ನೂರನಾಲ್ವತ್ತು ವರ್ಷಗಳ ಚರಿತ್ರೆಯಿದೆ. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

1885ರ ಒಂದು ವಾಕ್ಯ

ಭಾರತದಲ್ಲಿ ತಂತಿಯ ವ್ಯವಸ್ಥೆ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕಾಲಿಟ್ಟಿತು. 1857ರ ಬಂಡಾಯವನ್ನು ಅಡಗಿಸುವಲ್ಲಿ ಅದು ಎಂತಹ ಆಯುಧವಾಗಬಲ್ಲುದೆಂಬುದನ್ನು ಬ್ರಿಟಿಷರು ಮನಗಂಡರು. ಅದನ್ನು ಪರರ ಕೈಗೆ ಕೊಡಬಾರದೆಂಬ ಎಚ್ಚರದ ಫಲವೇ 1885ರ ಭಾರತೀಯ ತಂತಿ ಕಾಯಿದೆ. ಅದರ ನಾಲ್ಕನೆಯ ಕಲಮು ತಂತಿಯನ್ನು ಸ್ಥಾಪಿಸುವ, ನಿರ್ವಹಿಸುವ ಮತ್ತು ನಡೆಸುವ ಅನನ್ಯ ಅಧಿಕಾರವನ್ನು ಸರ್ಕಾರಕ್ಕೆ ಮೀಸಲಾಗಿಟ್ಟಿತು. ಬೇರೆಯವರು ಆ ಕೆಲಸಕ್ಕೆ ಇಳಿಯಬೇಕಾದರೆ ಸರ್ಕಾರದ ಪರವಾನಗಿ ಬೇಕು. ಐದನೆಯ ಕಲಮು ಸಾರ್ವಜನಿಕ ತುರ್ತುಪರಿಸ್ಥಿತಿಯಲ್ಲಿ ಸಂದೇಶಗಳನ್ನು ತಡೆಯುವ, ಇಣುಕಿ ನೋಡುವ ಅಧಿಕಾರವನ್ನಿತ್ತಿತು.

ವಿಸ್ಮಯದ ಸಂಗತಿಯೆಂದರೆ, ತಂತಿಯ ಟಕಟಕ ಸದ್ದಿಗಾಗಿ ಬರೆದ ಈ ಕಾಯಿದೆಯ ನೆರಳಿನಲ್ಲಿಯೇ ಮುಂದೆ ದೂರವಾಣಿ, ಮೊಬೈಲು, ಅಂತರಜಾಲ ಎಲ್ಲವೂ ಬಂದು ನಿಂತವು. 2013ರ ಜುಲೈ ತಿಂಗಳಿನಲ್ಲಿ ಟೆಲಿಗ್ರಾಮ್ ಸೇವೆಯೇ ಕೊನೆಗೊಂಡಿತು. ಆದರೂ ಕಾಯಿದೆ ಉಳಿಯಿತು. 2023ರ ದೂರಸಂಪರ್ಕ ಕಾಯಿದೆ ಬಂದು, ಅದರ ಹಲವು ಕಲಮುಗಳು 2024ರ ಜೂನ್ ತಿಂಗಳಿನಿಂದ ಜಾರಿಯಾಗತೊಡಗಿದ ಮೇಲೆಯೇ ಹಳೆಯದಕ್ಕೆ ಮುಪ್ಪಿನ ವಿಶ್ರಾಂತಿ ದೊರೆಯತೊಡಗಿತು. ಹೊಸ ಕಾಯಿದೆಯಲ್ಲಿ ಪರವಾನಗಿಯ ಬದಲು ಅನುಮತಿಯೆಂಬ ಹೆಸರು ಬಂದಿದೆ. ಆದರೆ ಕೇಂದ್ರ ಸರ್ಕಾರದ ಒಪ್ಪಿಗೆಯಿಲ್ಲದೆ ಯಾರೂ ಈ ಹಾದಿಯನ್ನು ಹಾಕಲಾರರೆಂಬ ಮೂಲತತ್ತ್ವ ಮಾತ್ರ ಕದಲಿಲ್ಲ.

ಕನ್ನಡ ನಾಡಿನ ಪಾಲು

ಈ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾಲು ಅಲ್ಪವಾದುದಲ್ಲ. ಸ್ವತಂತ್ರ ಭಾರತದ ದೂರವಾಣಿ ಕಾರ್ಖಾನೆ 1948ರಲ್ಲಿ ಬೆಂಗಳೂರಿನಲ್ಲಿಯೇ ಪ್ರಾರಂಭವಾಯಿತು. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರಾಯಿತು. ದೂರವಾಣಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಿದ್ದ ಆ ದಿನಗಳನ್ನು ಹಿರಿಯ ವಾಚಕರು ಮರೆತಿರಲಾರರು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯ ತಂತ್ರಜ್ಞರು, ನಮ್ಮ ಧೂಳು ಸೆಕೆಗಳನ್ನು ತಾಳಿಕೊಳ್ಳುವ, ಹವಾನಿಯಂತ್ರಣವಿಲ್ಲದೆ ನಡೆಯುವ 128 ಸಂಪರ್ಕಗಳ ಗ್ರಾಮೀಣ ವಿನಿಮಯ ಕೇಂದ್ರವನ್ನು ರೂಪಿಸಿದರು. ಅದು 1986ರಲ್ಲಿ ಮೊದಲು ನೆಲೆಗೊಂಡದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಪರಕೀಯರ ಸುಂಕಕ್ಕೆ ತಲೆಬಾಗದ ಊರಿನಲ್ಲಿಯೇ ಸ್ವದೇಶೀ ಯಂತ್ರ ಮೊದಲ ಬಾರಿ ಮಾತನಾಡಿದುದು ಸಂತೋಷದ ವಿಚಾರ.

ಅದೇ 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಿಂದ ಅರ್ನೆಟ್ ಎಂಬ ಶಿಕ್ಷಣ-ಸಂಶೋಧನಾ ಜಾಲವನ್ನು ಆರಂಭಿಸಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಕೇಂದ್ರಗಳಲ್ಲಿ ಒಂದಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಹೊರದೇಶದೊಡನೆ ಸಂಪರ್ಕ ಬೆಳೆಸಲು ಹೊರಟಾಗ, ಅದಕ್ಕೆ ಸರ್ಕಾರದ ವಿಶೇಷ ಅನುಮತಿ ಅಗತ್ಯವಾಯಿತು. 1991ರಲ್ಲಿ ರಚಿತವಾದ ಭಾರತೀಯ ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಸಂಸ್ಥೆ, ರಫ್ತು ಮಾಡುವ ಕಂಪನಿಗಳಿಗೆ ಇಂತಹ ಸಂಪರ್ಕವನ್ನು ತಾನೇ ಒದಗಿಸತೊಡಗಿತು. ಬೆಂಗಳೂರಿನ ಕೀರ್ತಿಗೆ ಕಾರಣವಾದ ಉದ್ಯಮ ಬೆಳೆದದ್ದು ಹೀಗೆ, ಸುಂಕದ ಕಟ್ಟೆಯ ಗೋಡೆಯಲ್ಲಿ ತೆರೆದ ಒಂದು ಕಿಟಕಿಯಿಂದ. ಆದರೆ ಆ ಕಿಟಕಿ ರಫ್ತುದಾರರಿಗೆ ಮಾತ್ರ ತೆರೆದಿತ್ತು. ಸಾಮಾನ್ಯ ಗೃಹಸ್ಥ ಹೊರಗೇ ನಿಂತಿದ್ದ.

ಬಾಗಿಲು ತೆರೆದ ಬಗೆ

ಜನಸಾಮಾನ್ಯರಿಗೆ ಅಂತರಜಾಲದ ಸೇವೆಯನ್ನು ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನದಂದೇ, ಪ್ರಾರಂಭಿಸಿತು. ಸೇವೆ ಕೊಡುವ ಸಂಸ್ಥೆ ಅದೊಂದೇ. ದರ ದುಬಾರಿ, ದೂರವಾಣಿಯ ತಂತಿಯ ಮೂಲಕ ಬರುತ್ತಿದ್ದ ವೇಗ ಅತ್ಯಲ್ಪ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರಿನ ಉದ್ಯಮಿ ವಿ. ಜಿ. ಸಿದ್ಧಾರ್ಥ ಅವರು ತೆರೆದ ಕಾಫಿ ಡೇ ಅಂಗಡಿಯಲ್ಲಿ ಕಾಫಿಯ ಜೊತೆಗೆ ಅಂತರಜಾಲವೂ ದೊರೆಯುತ್ತಿದ್ದುದು ಆಗ ದೊಡ್ಡ ಸುದ್ದಿಯಾಗಿತ್ತು. ಮುಂದೆ ಬೀದಿಬೀದಿಗೂ ಸೈಬರ್ ಕೆಫೆಗಳು ಹುಟ್ಟಿದವು. ಅವುಗಳಿಗೂ ಕಟ್ಟುಪಾಡು ಬಂದಿತು. 2004ರಲ್ಲಿ ಕರ್ನಾಟಕ ಸರ್ಕಾರವೂ 2011ರಲ್ಲಿ ಕೇಂದ್ರ ಸರ್ಕಾರವೂ ಬಳಸುವವರ ಗುರುತನ್ನು ದಾಖಲಿಸಿಡಬೇಕೆಂದು ನಿಯಮಗಳನ್ನು ಹೊರಡಿಸಿದವು.

ಆಟಗಾರನೇ ತೀರ್ಪುಗಾರನೂ ಆಗಿರಬಾರದೆಂಬ ವಿವೇಕ 1997ರಲ್ಲಿ ಮೂಡಿತು. ಆ ವರ್ಷ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಕಾಯಿದೆಯ ಮೂಲಕ ಸ್ಥಾಪಿತವಾಯಿತು. 1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಅಂತರಜಾಲ ಸೇವೆಯ ಬಾಗಿಲು ತೆರೆಯಿತು. ಪರವಾನಗಿ ಶುಲ್ಕವನ್ನು ಮೊದಲ ಐದು ವರ್ಷ ಮನ್ನಾ ಮಾಡಿ, ಆಮೇಲೆ ವರ್ಷಕ್ಕೆ ಕೇವಲ ಒಂದು ರೂಪಾಯಿ ಎಂದು ಗೊತ್ತುಮಾಡಿದರು. ಇಡೀ ದೇಶಕ್ಕೆ, ಒಂದು ವಲಯಕ್ಕೆ, ಒಂದು ಸಣ್ಣ ಪ್ರದೇಶಕ್ಕೆ ಹೀಗೆ ಮೂರು ದರ್ಜೆಯ ಪರವಾನಗಿಗಳಿದ್ದುದರಿಂದ ಸಣ್ಣ ಊರಿನ ಉದ್ಯಮಿಯೂ ಈ ಕೆಲಸಕ್ಕೆ ಇಳಿಯಬಹುದಾಗಿತ್ತು. ಆದರೆ ಇದರ ಜೊತೆಗೇ ಒಂದು ವಿಚಿತ್ರ ನಿಷೇಧವೂ ಇತ್ತು. ಅಂತರಜಾಲದ ಮೂಲಕ ದೂರವಾಣಿಯಂತೆ ಮಾತನಾಡಿಸುವ ಸೇವೆಯನ್ನು ಕೊಡಲು 2002ರ ಏಪ್ರಿಲ್ ತಿಂಗಳವರೆಗೆ ಅವಕಾಶವಿರಲಿಲ್ಲ. ದೂರವಾಣಿಯ ಆದಾಯಕ್ಕೆ ಧಕ್ಕೆ ಬಂದೀತೆಂಬ ಅಂಜಿಕೆಯೇ ಅದಕ್ಕೆ ಕಾರಣ. ಅಮೆರಿಕದಲ್ಲಿದ್ದ ಮಗಳ ದನಿ ಕೇಳಬೇಕಾದ ತಾಯಿ ನಿಮಿಷಕ್ಕಿಷ್ಟೆಂದು ದುಬಾರಿ ದರ ತೆರಬೇಕಾಗಿತ್ತು. ಸುಂಕವನ್ನು ಕಾಯುವುದಕ್ಕಾಗಿ ದಾರಿಯನ್ನೇ ಮುಚ್ಚಿದುದಕ್ಕೆ ಇದು ಉದಾಹರಣೆ.

2004ರ ನೀತಿ ಮತ್ತು ಕೊನೆಯ ತಂತಿ

ಬ್ರಾಡ್‌ಬ್ಯಾಂಡ್ ಎಂಬ ಮಾತಿಗೆ ನಮ್ಮಲ್ಲಿ ಸರ್ಕಾರಿ ವ್ಯಾಖ್ಯೆ ದೊರೆತದ್ದು 2004ರ ಅಕ್ಟೋಬರಿನ ನೀತಿಯಲ್ಲಿ. ಸೆಕೆಂಡಿಗೆ 256 ಕಿಲೋಬಿಟ್‌ಗೆ ಕಡಿಮೆಯಿಲ್ಲದ ವೇಗವಿದ್ದು, ಸದಾ ತೆರೆದಿರುವ ಸಂಪರ್ಕವೇ ಬ್ರಾಡ್‌ಬ್ಯಾಂಡ್ ಎಂದು ಅದು ಸಾರಿತು. 2005ರ ಕೊನೆಗೆ 30 ಲಕ್ಷ, 2007ರ ಕೊನೆಗೆ 90 ಲಕ್ಷ, 2010ರ ಕೊನೆಗೆ 2 ಕೋಟಿ ಸಂಪರ್ಕಗಳನ್ನು ಕೊಡುವ ಗುರಿಯನ್ನಿಟ್ಟುಕೊಂಡಿತು. ಆದರೆ 2010 ಮುಗಿದಾಗ ಲೆಕ್ಕಕ್ಕೆ ಸಿಕ್ಕಿದುದು ಸುಮಾರು 1 ಕೋಟಿ 10 ಲಕ್ಷ ಮಾತ್ರ, ಗುರಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು.

ಈ ಕೊರತೆಗೆ ಹಲವು ಕಾರಣಗಳನ್ನು ಹೇಳಬಹುದು. ಅವುಗಳಲ್ಲಿ ಒಂದು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು. ವಿನಿಮಯ ಕೇಂದ್ರದಿಂದ ಮನೆಯವರೆಗೆ ಬರುವ ತಾಮ್ರದ ತಂತಿ ಬಹುಪಾಲು ಸರ್ಕಾರಿ ಸಂಸ್ಥೆಗಳ ಕೈಯಲ್ಲಿತ್ತು. 2000ನೆಯ ಇಸವಿಯಲ್ಲಿ ಇಲಾಖೆಯಿಂದ ನಿಗಮವಾಗಿ ರೂಪುಗೊಂಡ ಬಿಎಸ್‌ಎನ್‌ಎಲ್ ಇವುಗಳಲ್ಲಿ ಪ್ರಮುಖವಾದುದು. ಆ ತಂತಿಯನ್ನು ನ್ಯಾಯವಾದ ಬಾಡಿಗೆಗೆ ಇತರ ಸೇವಾದಾರರೂ ಬಳಸುವಂತಾಗಲಿ ಎಂದು ಟ್ರಾಯ್ 2004ರ ಏಪ್ರಿಲಿನಲ್ಲಿ ಶಿಫಾರಸು ಮಾಡಿತು. ಬ್ರಿಟನ್ನಿನಂತಹ ದೇಶಗಳು ಆ ವೇಳೆಗೆ ಇದೇ ಮಾರ್ಗವನ್ನು ಹಿಡಿದಿದ್ದವು. ಆದರೆ ಆರು ತಿಂಗಳ ತರುವಾಯ ಹೊರಬಿದ್ದ ನೀತಿಯಲ್ಲಿ ಇದು ಕಡ್ಡಾಯವಾಗಲಿಲ್ಲ. ತಂತಿಯ ಒಡೆಯರು ಇಷ್ಟಪಟ್ಟರೆ ಪರಸ್ಪರ ಒಪ್ಪಂದದಿಂದ ಮಾಡಿಕೊಳ್ಳಲಿ ಎಂದು ಬಿಟ್ಟುಬಿಟ್ಟರು.

ನಿಗಮದ ಪಕ್ಷದಲ್ಲಿಯೂ ನ್ಯಾಯವಿತ್ತೆಂಬುದನ್ನು ಮರೆಯಲಾಗದು. ಲಾಭವಿಲ್ಲದ ಕಾಡುಮೇಡುಗಳಿಗೆ ಕಂಬ ಹೊತ್ತು ತಂತಿ ಎಳೆದವರು ಅದರ ಲೈನ್‌ಮನ್ನರೇ. ಆ ಶ್ರಮದ ಫಲವನ್ನು ನಗರದ ಲಾಭ ಮಾತ್ರ ಬಯಸುವವರಿಗೆ ಏಕೆ ಕೊಡಬೇಕೆಂದು ಅದು ಕೇಳಿದುದು ಸಹಜ. ಆದರೆ ಪರಿಣಾಮವೇನಾಯಿತು? ತಂತಿ ಹಂಚಿಕೆಯಾಗಲಿಲ್ಲ, ಇತರರು ತಮ್ಮ ತಮ್ಮ ಕೇಬಲ್ಲುಗಳನ್ನು ತಾವೇ ಎಳೆಯತೊಡಗಿದರು. ಒಂದೇ ಬೀದಿಯಲ್ಲಿ ನಾಲ್ಕಾರು ಕಂಪನಿಗಳ ಎಳೆಗಳು ಕಂಬಕ್ಕೂ ಮರಕ್ಕೂ ಸುತ್ತಿಕೊಂಡು ತೂಗುವುದಕ್ಕೆ ಈ ನಿರ್ಣಯವೂ ಒಂದು ಕಾರಣ. ಆದಾಯವುಳ್ಳ ಬೀದಿಗೆ ನಾಲ್ಕು ಎಳೆ, ಬಡವರ ಬೀದಿಗೆ ಒಂದೂ ಇಲ್ಲ ಎಂಬ ವಿಷಮತೆಗೂ ಅದೇ ಬೀಜ.

ಬ್ರಾಡ್‌ಬ್ಯಾಂಡಿನ ವ್ಯಾಖ್ಯೆ 2013ರಲ್ಲಿ 512 ಕಿಲೋಬಿಟ್‌ಗೂ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೂ ಏರಿತು. ಫಿನ್ಲೆಂಡ್ ದೇಶವು 2010ರ ಜುಲೈಯಲ್ಲಿಯೇ ಪ್ರತಿಯೊಬ್ಬ ನಿವಾಸಿಗೂ 1 ಮೆಗಾಬಿಟ್ ವೇಗದ ಸಂಪರ್ಕ ಕಾನೂನುಬದ್ಧ ಹಕ್ಕೆಂದು ಮಾಡಿತು. ಇವೆರಡರ ಅಂತರವನ್ನು ಗಮನಿಸಬೇಕು. ನಮ್ಮ ನಿಯಮ ಬ್ರಾಡ್‌ಬ್ಯಾಂಡ್ ಎಂದು ಯಾವುದನ್ನು ಕರೆಯಬಹುದೆಂದು ಹೇಳಿತು. ಅವರದು ಅದು ಯಾರಿಗೆ ಸಿಗಲೇಬೇಕೆಂದು ಹೇಳಿತು.

ಸುಂಕದಿಂದ ಅರವಟ್ಟಿಗೆಗೆ

ಹಾಗೆಂದು ಸರ್ಕಾರವು ಅರವಟ್ಟಿಗೆಯನ್ನು ಕಟ್ಟಲೇ ಇಲ್ಲವೆನ್ನುವುದು ಅನ್ಯಾಯದ ಮಾತಾದೀತು. ದೂರಸಂಪರ್ಕ ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದು ಪಾಲನ್ನು ಸಂಗ್ರಹಿಸಿ, ಲಾಭವಿಲ್ಲದ ಹಳ್ಳಿಗಳಿಗೆ ಸೇವೆ ಮುಟ್ಟಿಸಬೇಕೆಂಬ ಸಾರ್ವತ್ರಿಕ ಸೇವಾ ನಿಧಿ 2002ರಲ್ಲಿ ಆರಂಭವಾಯಿತು. 2003ರಲ್ಲಿ ಅದಕ್ಕೆ ಕಾಯಿದೆಯ ಬಲ ಬಂದಿತು. ಸುಂಕದ ಹಣದಿಂದಲೇ ಅರವಟ್ಟಿಗೆಯನ್ನು ನಡೆಸುವ ಪುರಾತನ ಧರ್ಮವಿದು. ಆದರೆ ಸಂಗ್ರಹವಾದ ಹಣದ ದೊಡ್ಡ ಪಾಲು ಬಹುಕಾಲ ವೆಚ್ಚವಾಗದೆ ಉಳಿದುದು ವಿಷಾದದ ಸಂಗತಿ. 2011ರ ಅಕ್ಟೋಬರಿನಲ್ಲಿ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನೆಳೆಯ ಕೇಬಲ್ ಎಳೆಯುವ ಯೋಜನೆ ಮಂಜೂರಾಯಿತು. ಎರಡು ವರ್ಷಗಳಲ್ಲಿ ಮುಗಿಯಬೇಕಾಗಿದ್ದ ಈ ಕಾರ್ಯದಲ್ಲಿ ಮೊದಲ ಒಂದು ಲಕ್ಷ ಪಂಚಾಯಿತಿಗಳು ಮುಟ್ಟಿದ್ದು 2017ರ ಡಿಸೆಂಬರಿಗೆ. ಅಷ್ಟರಲ್ಲಿ ಯೋಜನೆಗೆ ಭಾರತ್‌ನೆಟ್ ಎಂಬ ಹೆಸರು ಬಂದಿತ್ತು. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆಗೆ ಒಪ್ಪಿಗೆ ದೊರೆತಿದೆ. 2023ರ ಕಾಯಿದೆ ಹಳೆಯ ನಿಧಿಗೆ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಿಟ್ಟಿದೆ.

ನಗರದಲ್ಲಿಯೂ ಇಂತಹ ಪ್ರಯತ್ನಗಳು ನಡೆದವು. 2014ರ ಜನವರಿಯಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ, ಯಶವಂತಪುರದ ಬಸ್ ನಿಲ್ದಾಣ ಮುಂತಾದ ಕೆಲವೆಡೆ ನಮ್ಮ ವೈ-ಫೈ ಎಂಬ ಉಚಿತ ಸೇವೆ ಆರಂಭವಾಗಿತ್ತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯ ಪ್ರಕಾರ, ಚಹದ ಅಂಗಡಿಯವನೂ ಕಿರಾಣಿ ಅಂಗಡಿಯವನೂ ಪರವಾನಗಿಯಾಗಲಿ ಶುಲ್ಕವಾಗಲಿ ಇಲ್ಲದೆ ವೈ-ಫೈ ಸೇವೆಯನ್ನು ಮಾರಬಹುದು. ಹಿಂದಿನ ಎಸ್‌ಟಿಡಿ ಬೂತು ಊರಿಗೆ ಮಾಡಿದ ಉಪಕಾರವನ್ನು ಬಲ್ಲವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಎಲ್ಲ ಅರವಟ್ಟಿಗೆಯೂ ಅರವಟ್ಟಿಗೆಯಲ್ಲ ಎಂಬುದಕ್ಕೂ ಒಂದು ನಿದರ್ಶನವುಂಟು. ಫೇಸ್‌ಬುಕ್ ಕಂಪನಿ 2015ರಲ್ಲಿ ಬಡವರಿಗೆ ಉಚಿತವೆಂದು ಒಂದು ಸೇವೆಯನ್ನು ಮುಂದಿಟ್ಟಿತು. ಅದರಲ್ಲಿ ದೊರೆಯುತ್ತಿದ್ದುದು ಆಯ್ದ ಕೆಲವೇ ತಾಣಗಳು. ದಾರಿಹೋಕನಿಗೆ ಪುಕ್ಕಟೆ ನೀರು ಕೊಟ್ಟು, ಇಂಥ ಅಂಗಡಿಗಳಿಗೆ ಮಾತ್ರ ಹೋಗತಕ್ಕದ್ದೆಂದು ಷರತ್ತು ಹಾಕಿದಂತೆ. ಅಂತರಜಾಲದಲ್ಲಿ ಪಕ್ಷಪಾತ ಕೂಡದೆಂದು ಆ ವರ್ಷ ಹತ್ತು ಲಕ್ಷಕ್ಕೂ ಹೆಚ್ಚು ಜನ ಟ್ರಾಯ್‌ಗೆ ಮಿಂಚಂಚೆ ಬರೆದರು. 2016ರ ಫೆಬ್ರವರಿ 8ರಂದು ಟ್ರಾಯ್, ತಾಣದಿಂದ ತಾಣಕ್ಕೆ ಬೇರೆ ಬೇರೆ ದರ ವಿಧಿಸುವುದನ್ನು ನಿಷೇಧಿಸಿತು. ಮೀರಿದವರಿಗೆ ದಿನಕ್ಕೆ 50,000 ರೂಪಾಯಿ ದಂಡವನ್ನೂ ಗೊತ್ತುಮಾಡಿತು. ಸರ್ಕಾರದ ಕಟ್ಟುಪಾಡು ಸಣ್ಣವರ ಹಾದಿಯನ್ನು ಕಾದ ಪ್ರಸಂಗವಿದು.

ಮುಚ್ಚುವ ಅಧಿಕಾರ

ದಾರಿಯನ್ನು ತೆರೆಯುವ ಕೈಗೇ ಮುಚ್ಚುವ ಅಧಿಕಾರವೂ ಇದೆ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಅಂಜಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರನ್ನು ತೊರೆದಾಗ, ಕೇಂದ್ರ ಸರ್ಕಾರ ಒಬ್ಬರು ದಿನಕ್ಕೆ ಕಳುಹಬಹುದಾದ ಎಸ್‌ಎಂಎಸ್‌ಗಳನ್ನು ಕೆಲವು ದಿನ ಐದಕ್ಕೆ ಮಿತಗೊಳಿಸಿತು. 2019ರ ಡಿಸೆಂಬರಿನಲ್ಲಿ ಮಂಗಳೂರಿನ ಗಲಭೆ, ಗೋಲಿಬಾರುಗಳ ನಂತರ ಜಿಲ್ಲೆಯಲ್ಲಿ ಮೊಬೈಲ್ ಅಂತರಜಾಲವನ್ನು ಎರಡು ದಿನ ನಿಲ್ಲಿಸಿದರು. ವದಂತಿಯ ಬೆಂಕಿಯನ್ನು ತಡೆಯಬೇಕಾದ ಸಂದರ್ಭಗಳು ನಿಜವಾಗಿಯೂ ಬರುತ್ತವೆ. ಆದರೆ ಆಸ್ಪತ್ರೆಗೂ ಅಂಗಡಿಗೂ ಪರೀಕ್ಷೆಗೂ ಅದೇ ದಾರಿ ಬೇಕಾಗಿರುವಾಗ ಅದನ್ನು ಹಗುರಾಗಿ ಮುಚ್ಚಲಾಗದು. ಇಂತಹ ಆದೇಶಗಳಿಗೆ 2017ರಲ್ಲಿ ನಿಯಮಗಳು ಬಂದವು. ಅನಿರ್ದಿಷ್ಟ ಕಾಲ ನಿಲ್ಲಿಸಕೂಡದು, ಆದೇಶವನ್ನು ಪ್ರಕಟಿಸಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2020ರ ಜನವರಿ 10ರಂದು ತೀರ್ಪಿತ್ತಿತು. ಕಾಶ್ಮೀರದ ಪ್ರಕರಣದಲ್ಲಿ ಬಂದ ಆ ತೀರ್ಪು ಮಂಗಳೂರಿಗೂ ಅನ್ವಯಿಸುತ್ತದೆ.

ವಿದ್ಯಾರ್ಥಿಗಳ ಹಕ್ಕನ್ನೂ ನ್ಯಾಯಾಲಯಗಳು ಎತ್ತಿಹಿಡಿದಿವೆ. ಹಾಸ್ಟೆಲಿನಲ್ಲಿ ಮೊಬೈಲ್ ಬಳಕೆಗೆ ಹಾಕಿದ್ದ ನಿರ್ಬಂಧವನ್ನು ಕೋಳಿಕ್ಕೋಡು ಜಿಲ್ಲೆಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಪ್ರಶ್ನಿಸಿದಾಗ, ಅಂತರಜಾಲದ ಬಳಕೆ ಶಿಕ್ಷಣದ ಹಕ್ಕಿನ ಅಂಗವೆಂದು ಕೇರಳದ ಉಚ್ಚ ನ್ಯಾಯಾಲಯ 2019ರ ಸೆಪ್ಟೆಂಬರಿನಲ್ಲಿ ಹೇಳಿತು. ಮುಂದಿನ ವರ್ಷವೇ ಮಹಾಮಾರಿ ಬಂದು ಶಾಲೆಗಳು ಮುಚ್ಚಿದವು. ಐದನೆಯ ತರಗತಿಯವರೆಗಿನ ಆನ್‌ಲೈನ್ ಪಾಠವನ್ನು ನಿಷೇಧಿಸಿದ್ದ ಕರ್ನಾಟಕ ಸರ್ಕಾರದ ಆದೇಶಕ್ಕೆ ನಮ್ಮ ಉಚ್ಚ ನ್ಯಾಯಾಲಯ 2020ರ ಜುಲೈ 8ರಂದು ತಡೆ ನೀಡಿತು. ಆದರೆ ತಡೆ ಹೋದ ಮಾತ್ರಕ್ಕೆ ಪಾಠ ಎಲ್ಲರಿಗೂ ಮುಟ್ಟಲಿಲ್ಲ. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದರು. ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲವೆಂದು ಅಲ್ಲಿನ ಗ್ರಾಮಸ್ಥರು ಪಟ್ಟುಹಿಡಿದರು. ಊಟ, ವಸತಿ, ಪುಸ್ತಕಗಳನ್ನು ಕೊಟ್ಟರೆ ಬಡವರ ಮಗು ಓದಿ ಮುಂದೆ ಬರುತ್ತದೆಂಬುದನ್ನು ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಬೆಳೆದ ನಮ್ಮ ವಾಚಕರು ಸ್ವಾನುಭವದಿಂದ ಬಲ್ಲರು. ಆ ಪಟ್ಟಿಗೆ ಈಗ ಇನ್ನೊಂದು ಸೇರಿದೆ.

ಊರ ಬೀದಿಯ ಪ್ರಶ್ನೆ

ದೆಹಲಿಯ ಕಾಯಿದೆ ಎಷ್ಟೇ ಉದಾರವಾಗಿದ್ದರೂ ಎಳೆ ಮನೆಗೆ ಬರಬೇಕಾದರೆ ಊರ ಬೀದಿಯನ್ನು ಅಗೆಯಬೇಕು. ಅದು ಸ್ಥಳೀಯ ಸಂಸ್ಥೆಯ ಅಧಿಕಾರ. ಅನುಮತಿ ತಡವಾಗುವುದು, ಊರಿಗೊಂದು ಶುಲ್ಕವಾಗುವುದು, ರಾತ್ರೋರಾತ್ರಿ ಅಗೆದು ಮುಚ್ಚದೆ ಹೋಗುವುದು ಇವೆಲ್ಲ ನಿತ್ಯದ ಕಥೆಯಾದವು. ಇದಕ್ಕಾಗಿ 2016ರ ನವೆಂಬರಿನಲ್ಲಿ ಬಂದ ಮಾರ್ಗಾಧಿಕಾರ ನಿಯಮಗಳು, ನೆಲದಡಿಯ ಕೇಬಲ್ಲಿಗೆ ಆಡಳಿತ ವೆಚ್ಚವಾಗಿ ಕಿಲೋಮೀಟರಿಗೆ 1,000 ರೂಪಾಯಿಗೆ ಮೀರದಂತೆ ಮಾತ್ರ ಪಡೆಯಬೇಕೆಂದೂ, 60 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಬೇಕೆಂದೂ ವಿಧಿಸಿದವು. 2025ರ ಜನವರಿ 1ರಿಂದ ಇವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಜಾರಿಗೆ ಬಂದಿವೆ.

ನಗರದ ಉತ್ತರದ ಅಂಚಿನಲ್ಲಿ ಈ ಪ್ರಶ್ನೆ ಇನ್ನೂ ತೊಡಕಿನದು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಯಲಹಂಕ ನಗರಸಭೆಯೂ ಸೇರಿ ಏಳು ನಗರಸಭೆಗಳು, ಒಂದು ಪುರಸಭೆ, ನೂರಹತ್ತು ಗ್ರಾಮಗಳು ಅದರಲ್ಲಿ ಲೀನವಾದವು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯೂ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದವು. ಎಲ್ಲೆಯ ಆಚೆಯ ಗ್ರಾಮ ಪಂಚಾಯಿತಿಗೆ ಭಾರತ್‌ನೆಟ್ ಬರುತ್ತದೆ. ಈಚೆಯ ಬಡಾವಣೆಗೆ ಆ ಯೋಜನೆ ಅನ್ವಯಿಸದು, ಅಲ್ಲಿ ಕಂಪನಿಗಳ ಲೆಕ್ಕಾಚಾರವೇ ಗತಿ. ಊರು ನಗರವಾದಾಗ ಹಳ್ಳಿಯ ಹಕ್ಕು ಕಳೆದು, ನಗರದ ಸೌಕರ್ಯ ಬಾರದೆ, ನಡುವೆ ನಿಂತ ಕುಟುಂಬಗಳು ಇಂತಹ ಅಂಚಿನ ಪ್ರದೇಶಗಳಲ್ಲಿ ಬಹಳ.

ಇಷ್ಟನ್ನೂ ಒಟ್ಟಾಗಿ ನೋಡಿದಾಗ ಒಂದು ಸತ್ಯ ಸ್ಪಷ್ಟವಾಗುತ್ತದೆ. ಕಟ್ಟುಪಾಡು ಬೇಕೇ ಬೇಡವೇ ಎಂಬುದು ನಿಜವಾದ ಪ್ರಶ್ನೆಯಲ್ಲ. ಕಟ್ಟುಪಾಡಿಲ್ಲದ ದಾರಿಯಲ್ಲಿ ಬಲ್ಲಿದನ ಗಾಡಿ ಮಾತ್ರ ಸಾಗುತ್ತದೆ. ಆದಾಯವನ್ನೇ ಕಣ್ಮುಂದಿಟ್ಟುಕೊಂಡಾಗ ಸರ್ಕಾರ ದಾರಿಯನ್ನು ಕಿರಿದುಗೊಳಿಸಿತು. ಕೊನೆಯ ಮನೆಯನ್ನು ಕಣ್ಮುಂದಿಟ್ಟುಕೊಂಡಾಗ ಅಗಲಿಸಿತು. ಆದಕಾರಣ ಪ್ರತಿಯೊಂದು ನಿಯಮವನ್ನೂ ನಾವು ಒರೆಗೆ ಹಚ್ಚಬೇಕಾದದ್ದು ಒಂದೇ ಮಾತಿನಿಂದ: ಬೀದಿಯ ತುದಿಯ ಮನೆಗೆ ಇದರಿಂದ ಎಳೆ ಮುಟ್ಟಿತೇ?

ಈ ಒರೆಗಲ್ಲನ್ನು ಹಿಡಿಯಲು ದೊಡ್ಡ ಪಾಂಡಿತ್ಯ ಬೇಕಿಲ್ಲ. ಕರ್ನಾಟಕದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ನಮ್ಮ ವಾಚಕರು ಅವುಗಳಲ್ಲಿ ಅನೇಕ ಕಡೆ ನೆಲೆಸಿದ್ದಾರೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಪಂಚಾಯಿತಿ ಕಚೇರಿಗೆ ಭಾರತ್‌ನೆಟ್ ಎಳೆ ಬಂದಿದೆಯೇ, ಬಂದಿದ್ದರೆ ಅದರ ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ, ಅಲ್ಲಿಂದ ಶಾಲೆಗೂ ಗ್ರಂಥಾಲಯಕ್ಕೂ ಸಂಪರ್ಕ ಹೋಗಿದೆಯೇ ಎಂದು ಕೇಳಲಿ. ನಗರದಲ್ಲಿರುವವರು ವಾರ್ಡ್ ಸಮಿತಿಯಲ್ಲಿ ತಮ್ಮ ಬೀದಿಯ ಕಡೆಯ ಮನೆಯ ಪರವಾಗಿ ಅದನ್ನೇ ಕೇಳಲಿ. ಅರವಟ್ಟಿಗೆಗೆಂದು ತೆತ್ತ ಸುಂಕದ ಲೆಕ್ಕ ಕೇಳುವುದು ಪ್ರಜೆಯ ಹಕ್ಕು. ಬಾಯಾರಿದವನ ಪರವಾಗಿ ಕೇಳುವುದು ಸದ್ಭಕ್ತನ ಧರ್ಮ.